ಬಿಲಾಲರನ್ನು ಕೊಂಡಾಡುವ ನಾವು ಸಿದ್ದಿಗಳ ಚರಿತ್ರೆಯನ್ನು ಮರೆತದ್ದೇಕೆ?

ಕೊಕ್ಕರ್ಣೆಯ ನಮ್ಮ ಮದ್ರಸದಲ್ಲಿ ಪ್ರತಿ ವರ್ಷವೂ ಹಝ್ರತ್ ಬಿಲಾಲ್(ರ)ರ ಪಾಠ ಬರುತ್ತದೆ. ಮಕ್ಕಾದ ಸುಡುವ ಮರಳು, ಎದೆಯ ಮೇಲಿನ ಬಂಡೆಗಲ್ಲು, ಆ ಹಿಂಸೆಯಲ್ಲೂ ಅಲುಗದ ವಿಶ್ವಾಸ, ಅವರನ್ನು ಖರೀದಿಸಿ ವಿಮೋಚನೆಗೊಳಿಸಿದ ಹಝ್ರತ್ ಅಬೂಬಕರ್(ರ), ಕೊನೆಗೆ ಮಕ್ಕಾ ವಿಜಯದ ದಿನ ಕಅಬಾದ ಮೇಲಿಂದ ಮೊಳಗಿದ ಅಝಾನ್. ಎಷ್ಟು ಬಾರಿ ಹೇಳಿದರೂ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಹೋದ ವರ್ಷ ಆ ಪಾಠ ಮುಗಿದ ಮರುದಿನವೇ ಅಂಗಳದಲ್ಲಿ ಜಗಳವಾಯಿತು. ಕಪ್ಪು ಮೈಬಣ್ಣದ ಹುಡುಗನೊಬ್ಬನನ್ನು ಉಳಿದವರು 'ಹಬ್ಶಿ, ಹಬ್ಶಿ' ಎಂದು ಕೂಗಿ ಅಳಿಸಿದ್ದರು. ನಾವು ಬೆತ್ತ ಹಿಡಿದು ಹೊರಗೆ ಹೋದೆವು. "ಇನ್ನೊಮ್ಮೆ ಯಾರನ್ನೂ ಹಾಗೆ ಕೆಟ್ಟ ಮಾತಿನಿಂದ ಬೈಯಬಾರದು" ಎಂದು ಗದರಿಸಿದೆವು. ಆಗ ಅಳುತ್ತಿದ್ದ ಹುಡುಗನೇ ಕಣ್ಣೊರೆಸಿಕೊಂಡು ಕೇಳಿದ: "ಉಸ್ತಾದ್, ಬಿಲಾಲರೂ ಹಬ್ಶಿ ಅಲ್ದಾ? ಅದು ಕೆಟ್ಟ ಮಾತಾ?"

ಉತ್ತರಿಸಲು ನಮಗೆ ಒಡನೆ ಮಾತು ಹೊಳೆಯಲಿಲ್ಲ. ಹಬ್ಶಿ ಎಂದರೆ ಅಬಿಸೀನಿಯಾದವನು ಎಂದಷ್ಟೇ ಅರ್ಥ. ನಿನ್ನೆ ಪಾಠದಲ್ಲಿ ಗೌರವದಿಂದ ಉಚ್ಚರಿಸಿದ್ದ ಶಬ್ದವನ್ನು ಇಂದು ಅಂಗಳದಲ್ಲಿ ಬೈಗುಳವೆಂದು ಒಪ್ಪಿಕೊಂಡವರು ನಾವೇ. ಮಕ್ಕಳ ತಪ್ಪಿಗಿಂತ ನಮ್ಮ ತಪ್ಪು ದೊಡ್ಡದಾಗಿತ್ತು.

ಆ ಹುಡುಗನ ಪ್ರಶ್ನೆಯಿಂದ ನಮಗೆ ಒಂದು ವಿಷಯ ಮನದಟ್ಟಾಯಿತು. ಬಿಲಾಲ್(ರ)ರ ಕಥೆಯನ್ನು ನಾವು ಇಸ್ಲಾಮಿನಲ್ಲಿ ವರ್ಣಭೇದವಿಲ್ಲ ಎಂಬುದಕ್ಕೆ ಪ್ರಮಾಣಪತ್ರದಂತೆ ಬಳಸುತ್ತೇವೆ. ಇಸ್ಲಾಮಿನಲ್ಲಿ ಇಲ್ಲ, ನಿಜ. ಆದರೆ ನಮ್ಮಲ್ಲಿ ಇಲ್ಲವೇ? ಹೆಣ್ಣು ನೋಡಲು ಹೋದ ಮನೆಯವರು ಹಿಂದಿರುಗಿ "ಹುಡುಗಿ ಒಳ್ಳೆಯವಳು, ಬಣ್ಣ ಸ್ವಲ್ಪ ಕಡಿಮೆ" ಎಂದು ಹೇಳಿಕಳುಹಿಸುವುದನ್ನು ಕೇಳದ ಜಮಾಅತ್ ಯಾವುದಿದೆ? ಹಝ್ರತ್ ಅಬೂದರ್(ರ)ರಂತಹ ಮಹಾನ್ ಸಹಾಬಿಯೇ ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಗಳೆದಾಗ, ನಿಮ್ಮಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಎಚ್ಚರಿಸಿದರು. ಹೀಗಳೆಯಲ್ಪಟ್ಟವರು ಬಿಲಾಲ್(ರ) ಅವರೇ ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಬಂಡೆಗಲ್ಲಿನ ಪ್ರಸಂಗ ನಮ್ಮ ಮಕ್ಕಳಿಗೆ ಬಾಯಿಪಾಠ. ಈ ಪ್ರಸಂಗವನ್ನು ಹೇಳಿಕೊಡುವವರು ವಿರಳ. ಮೊದಲನೆಯದರಲ್ಲಿ ಅಪರಾಧಿ ಶತ್ರು, ಎರಡನೆಯದರಲ್ಲಿ ನಮ್ಮವರು.

ಆಫ್ರಿಕಾದ ಜನರ ಚರಿತ್ರೆ ನಮಗೆ ದೂರದ್ದೆಂಬ ಭಾವನೆಯೂ ಸುಳ್ಳು. ಕೊಕ್ಕರ್ಣೆಯ ಪಕ್ಕದಲ್ಲಿ ಹರಿಯುವ ಸೀತಾ ನದಿ ಮುಂದೆ ಬಾರಕೂರಿನ ಕಡೆಗೆ ಸಾಗುತ್ತದೆ. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಆ ಬಾರಕೂರನ್ನು 'ಫಾಕನೂರ್' ಎಂದು ಕರೆದು ವರ್ಣಿಸಿದ್ದಾನೆ. ಅವನು ಗುಜರಾತಿನ ಗಂಧಾರ ಬಂದರಿನಲ್ಲಿ ಹತ್ತಿದ ಹಡಗಿನಲ್ಲಿ ಐವತ್ತು ಮಂದಿ ಹಬ್ಶಿ ಯೋಧರಿದ್ದರು. ಅವರಲ್ಲಿ ಒಬ್ಬನಿದ್ದರೂ ಸಾಕು, ಕಡಲ್ಗಳ್ಳರು ಆ ಹಡಗಿನ ತಂಟೆಗೆ ಬರುವುದಿಲ್ಲ ಎಂಬರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ. ಈ ಸಮುದ್ರದ ವ್ಯಾಪಾರವನ್ನು ಕಾದವರನ್ನು ನಮ್ಮ ಯಾವ ಪಠ್ಯಪುಸ್ತಕ ನೆನೆಯುತ್ತದೆ?

ಶಾಲಾ ಪ್ರವಾಸದಲ್ಲಿ ವಿಜಯಪುರಕ್ಕೆ ಹೋಗಿಬರುವ ಮಕ್ಕಳು ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತಾರೆ. ಇಬ್ರಾಹಿಂ ರೋಜಾದ ನಿರ್ಮಾಣದೊಂದಿಗೆ ಹೆಸರು ಬೆಸೆದಿರುವ ಮಲಿಕ್ ಸಂದಲ್, ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಉನ್ನತ ಅಧಿಕಾರ ವಹಿಸಿದ್ದ ಇಖ್ಲಾಸ್ ಖಾನ್, ಇವರಿಬ್ಬರೂ ಹಬ್ಶಿಗಳೆಂದು ಅವರಿಗೆ ಯಾರೂ ಹೇಳುವುದಿಲ್ಲ. ಮಲಿಕ್ ಅಂಬರನ ಹೆಸರಂತೂ ದಖ್ಖನ್ನಿನ ಇತಿಹಾಸದಲ್ಲಿ ಬಹು ದೊಡ್ಡದು. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿದ ಬಾಲಕ ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗುತ್ತ ದಖ್ಖನ್ನಿಗೆ ಬಂದ. ಅಹ್ಮದ್‌ನಗರದ ರಾಜ್ಯಭಾರವನ್ನೇ ಹೊತ್ತ. ಮೊಗಲರ ಸೇನೆಯನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. 1610ರಲ್ಲಿ ಖಡ್ಕಿ ನಗರವನ್ನು ಕಟ್ಟಿ ಅದಕ್ಕೆ ನೆಲದಡಿಯ ಕಾಲುವೆಗಳಲ್ಲಿ ನೀರು ಹರಿಸಿದ. ಮುಂದೆ ಔರಂಗಾಬಾದ್ ಎಂದು ಹೆಸರಾದದ್ದು ಅದೇ ನಗರ. ಅವನನ್ನು ಗೆಲ್ಲಲಾರದ ಜಹಾಂಗೀರನು ಅವನ ಕಡಿದ ರುಂಡಕ್ಕೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಯಿಸಿಕೊಂಡು ತೃಪ್ತನಾದ! ಅಂಬರನು 1626ರಲ್ಲಿ ಸಹಜ ಮರಣ ಹೊಂದಿ ಖುಲ್ದಾಬಾದಿನಲ್ಲಿ ದಫನವಾದನು.

ಇಷ್ಟನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗಲು ನಮ್ಮ ಮನಸ್ಸು ಒಪ್ಪದು. ಆ ಬಾಲಕನನ್ನು ಮಾರಿದ, ಕೊಂಡ ಕೈಗಳಲ್ಲಿ ಮುಸ್ಲಿಮರ ಕೈಗಳೂ ಇದ್ದವು. ಗುಲಾಮರ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಸಾರಿದ ಧರ್ಮದ ಅನುಯಾಯಿಗಳು ಶತಮಾನಗಳ ಕಾಲ ಆ ವ್ಯಾಪಾರದಿಂದ ಲಾಭ ಪಡೆದರು. ಪೋರ್ಚುಗೀಸರು ಮಾಡಿದ್ದನ್ನು ಮಾತ್ರ ಎಣಿಸಿ ಹೇಳಿ, ಇದನ್ನು ಮುಚ್ಚಿಟ್ಟರೆ ನಾವು ಕಲಿಸುವುದು ಚರಿತ್ರೆಯಲ್ಲ, ವಕಾಲತ್ತು.

ಆ ಚರಿತ್ರೆಯ ಜೀವಂತ ವಾರಸುದಾರರು ನಮ್ಮ ನೆರೆಯಲ್ಲೇ ಇದ್ದಾರೆ. ಬೈಂದೂರು, ಶಿರೂರು ದಾಟಿದರೆ ಉತ್ತರ ಕನ್ನಡ. ಅಲ್ಲಿನ ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿಗಳು ಬದುಕುತ್ತಿದ್ದಾರೆ. ಗೋವೆಯ ಯಜಮಾನರಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರು ಅವರ ಪೂರ್ವಜರಲ್ಲಿ ಅನೇಕರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ನಮ್ಮದೇ ಕಿಬ್ಲಾದ ಕಡೆ ಮುಖಮಾಡಿ ನಮಾಝ್ ಮಾಡುವ ಈ ಸಹೋದರರ ಊರುಗಳ ಹೆಸರು ನಮ್ಮ ಜಮಾಅತ್‌ಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಪರಿಶಿಷ್ಟ ಪಂಗಡದ ಮನ್ನಣೆ ಅವರಿಗೆ ದೊರೆತದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತಿನ ಸದಸ್ಯರಾದದ್ದು 2020ರಲ್ಲಿ. ಅಷ್ಟು ತಡ.

ಅಮೆರಿಕದಲ್ಲಿ ಗುಲಾಮನಾಗಿದ್ದ ಉಮರ್ ಇಬ್ನ್ ಸಈದ್ ಎಂಬ ಪಶ್ಚಿಮ ಆಫ್ರಿಕಾದ ವಿದ್ವಾಂಸ 1831ರಲ್ಲಿ ತನ್ನ ಜೀವನವೃತ್ತಾಂತವನ್ನು ಅರಬಿಯಲ್ಲಿ ಬರೆದ. ಯಾರೋ ಆ ಹಾಳೆಗಳನ್ನು ಜೋಪಾನ ಮಾಡಿದ್ದರಿಂದ ಅವು ಇಂದು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಸಿದ್ದಿಗಳ ಪೂರ್ವಜರಿಂದ ಅಂತಹ ಹಾಳೆ ನಮಗೆ ಬಂದಿಲ್ಲ. ಉಳಿದಿರುವುದು ಡಮಾಮಿಯ ಬಡಿತ, ಹಿರಿಯರ ನಾಲಿಗೆ, ಹೆಂಗಸರ ಕೈಯ ಕೌದಿ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಮೇಲೆ ಮೂಲೆಗಳಿಗೆ 'ಫೂಲ್' ಇಡದಿದ್ದರೆ ಆ ಕೌದಿ ಪೂರ್ಣವಾಗುವುದಿಲ್ಲವಂತೆ. ಅಜ್ಜಿಯೊಬ್ಬರು ಕಣ್ಮುಚ್ಚಿದರೆ ಅವರೊಂದಿಗೆ ಎಷ್ಟೋ ನೆನಪು ಮಣ್ಣಾಗುತ್ತದೆ. ವಿದೇಶದ ವಿದ್ವಾಂಸರು ಬಂದು ಅಧ್ಯಯನ ಮಾಡಿ ಹೋಗಿದ್ದಾರೆ. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ತಲುಪಬಲ್ಲ ನಾವು ಹೋಗಿಲ್ಲ.

ಈ ವರ್ಷ ನಾವು ಬಿಲಾಲ್(ರ)ರ ಪಾಠವನ್ನು ಅಝಾನಿಗೆ ನಿಲ್ಲಿಸಲಿಲ್ಲ. ಅಬೂದರ್(ರ)ರ ಪ್ರಸಂಗ, ಬಾರಕೂರು, ಮಲಿಕ್ ಅಂಬರ್, ಹಳಿಯಾಳದ ಸಿದ್ದಿಗಳು ಎಂದು ಅದನ್ನು ನಾಲ್ಕು ವಾರಗಳಿಗೆ ಹಿಗ್ಗಿಸಿದೆವು. ಹೆತ್ತವರೊಬ್ಬರು ಬಂದು, "ಉಸ್ತಾದರೇ, ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ?" ಎಂದು ವಿಚಾರಿಸಿದರು. ಅವರ ಮಾತು ನ್ಯಾಯವೆನಿಸಿತು. ಅರ್ಧವಾರ್ಷಿಕ ಪ್ರಶ್ನೆಪತ್ರಿಕೆಯಲ್ಲಿ 'ಹಬ್ಶಿ ಎಂದರೆ ಯಾರು?' ಎಂಬ ಐದು ಅಂಕಗಳ ಪ್ರಶ್ನೆಯೊಂದನ್ನು ಸೇರಿಸಿದ್ದೇವೆ.