ಜೀರುಂಡೆಗಳ ಜಾತಿನಿರ್ಣಯ

ತುಮಕೂರಿನ ಬಟವಾಡಿಯಲ್ಲಿರುವ ಕೃಷಿ ಉತ್ಪನ್ನ ಮಾರುಕಟ್ಟೆಗೆ ಗುಬ್ಬಿ, ಕುಣಿಗಲು ಮೊದಲಾದ ಕಡೆಗಳಿಂದ ಬರುವ ರೈತರಲ್ಲಿ ಹತ್ತು ಮಂದಿಯನ್ನು ನಿಲ್ಲಿಸಿ, ಜೀರುಂಡೆಯೆಂದರೆ ಯಾವ ಹುಳುವೆಂದು ಕೇಳಿದರೆ ಒಂದೇ ಉತ್ತರ ದೊರೆಯಲಾರದು. ಬೇಸಗೆಯ ಹಗಲಿನಲ್ಲಿ ಹೊಂಗೆ, ಮಾವುಗಳ ಕೊಂಬೆಗೆ ಅಂಟಿಕೊಂಡು ಕಿವಿ ಗಡಚಿಕ್ಕುವಂತೆ ಚೀರುವ ಹುಳುವನ್ನು ಕೆಲವರು ಹೇಳುವರು. ಮಳೆ ಬಿದ್ದ ಸಂಜೆ ದೀಪಕ್ಕೆ ಗುಂಯ್‌ಗುಟ್ಟುತ್ತ ಬಂದು ಬೀಳುವ ಗಟ್ಟಿ ಚಿಪ್ಪಿನ ಹುಳುವನ್ನು ಮತ್ತೆ ಕೆಲವರು ಹೇಳುವರು. ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಗೂ ಅದೇ ಹೆಸರು ಸಲ್ಲುವುದುಂಟು. ಇದು ರೈತರ ತಪ್ಪೇನೂ ಅಲ್ಲ. ಅಚ್ಚಾದ ಕನ್ನಡ ಬರಹಗಳೂ ಈ ಒಂದು ಪದವನ್ನು ಒಂದಕ್ಕೊಂದು ನಂಟಿಲ್ಲದ ಎರಡು ವಂಶಗಳಿಗೆ ಉಪಯೋಗಿಸುತ್ತಿರುವುವು.

ಹೆಸರಿನ ಈ ಗೊಂದಲದಿಂದ ಹಣವೂ ಶ್ರಮವೂ ನಷ್ಟವಾಗುವುದು. ಚೀರುವ ಜೀರುಂಡೆಗೆ ಕಚ್ಚಿ ತಿನ್ನುವ ಬಾಯಿಯೇ ಇಲ್ಲ. ಅದಕ್ಕಿರುವುದು ಸೂಜಿಯಂತಹ ಒಂದು ಕೊಕ್ಕು ಮಾತ್ರ. ಅದರ ಮರಿಗಳು ನೆಲದೊಳಗೆ ಬೇರುಗಳ ನೀರುರಸವನ್ನು ಹೀರಿಕೊಂಡು ವರ್ಷಗಟ್ಟಲೆ ಬದುಕುವುವು. ಹೆಣ್ಣು ಹುಳುವು ಎಳೆಯ ಕಡ್ಡಿಗಳನ್ನು ಸೀಳಿ ಮೊಟ್ಟೆಯಿಡುವುದರಿಂದ ಅಲ್ಲೊಂದು ಇಲ್ಲೊಂದು ತುದಿ ಒಣಗಬಹುದಲ್ಲದೆ, ಈ ಸೀಮೆಯ ತೋಟಗಳಲ್ಲಿ ಅದಕ್ಕಾಗಿ ಔಷಧಿ ಸಿಂಪಡಿಸಬೇಕಾದ ಅಗತ್ಯವಿಲ್ಲ. ಕೊಂಬಿನ ದುಂಬಿಯ ರೀತಿಯೇ ಬೇರೆ. ಅದು ತೆಂಗಿನ ಸುಳಿಯನ್ನು ಕೊರೆದು ಹಾಳುಮಾಡುವುದು. ಅದರ ಮರಿಗಳು ತಿಪ್ಪೆಗುಂಡಿಯಲ್ಲಿ ಬೆಳೆಯುವುವು. ಜೀರುಂಡೆಯ ಹಾವಳಿಯೆಂದು ಕೇಳಿ ಮರದ ಮೇಲೆ ಕೂಗುವ ಹುಳುವಿಗೆ ಮದ್ದು ಹೊಡೆದವನ ತಿಪ್ಪೆಯಲ್ಲಿ ನಿಜವಾದ ಶತ್ರುವು ಸುಖವಾಗಿ ಕೊಬ್ಬುತ್ತಿರುವುದು.

ಈ ಎರಡನ್ನು ಬೇರೆ ಮಾಡುವುದಕ್ಕೆ ವಿದ್ವತ್ತೇನೂ ಬೇಡ. ದುಂಬಿಯ ಬೆನ್ನಿನ ಮೇಲೆ ಎರಡು ಗಟ್ಟಿ ಚಿಪ್ಪುಗಳು ನಡುವೆ ನೇರವಾದ ಗೆರೆಯಲ್ಲಿ ಕೂಡಿಕೊಂಡಿರುವುವು. ಜೀರುಂಡೆಯ ರೆಕ್ಕೆಗಳು ಮನೆಯ ಮಾಡಿನಂತೆ ಇಳಿಜಾರಾಗಿ ಮಡಿಚಿರುವುವು. ಎರಡು ದೊಡ್ಡ ಕಣ್ಣುಗಳು ತಲೆಯ ಅಂಚುಗಳಲ್ಲಿ ಉಬ್ಬಿ, ಅವುಗಳ ನಡುವೆ ಮೂರು ಕಿರುಗಣ್ಣುಗಳು ಹೊಳೆಯುವುವು. ಎದೆಯ ಹಿಂಭಾಗದಲ್ಲಿ ಗುಣಿಸುವ ಚಿಹ್ನೆಯನ್ನು ಹೋಲುವ ಒಂದು ಉಬ್ಬು ಇರುವುದು. ಇಷ್ಟನ್ನು ಶಾಲೆಯ ಹುಡುಗನೂ ಕಲಿಯಬಲ್ಲನು.

ಕಷ್ಟವಿರುವುದು ಅನಂತರ. ಭಾರತ, ಬಾಂಗ್ಲಾದೇಶ, ಭೂತಾನ, ಬರ್ಮಾ, ನೇಪಾಳ, ಸಿಂಹಳ ಇವುಗಳ ಜೀರುಂಡೆಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 281 ಜಾತಿಗಳಿರುವುವು. ಅವುಗಳಲ್ಲಿ ಎಷ್ಟೋ ಜಾತಿಗಳು ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುವುವು. ದಕ್ಷಿಣ ದೇಶದಲ್ಲಿ ಕಾಣುವ ಪ್ಲಾಟಿಪ್ಲ್ಯೂರಾ ಕುಲವನ್ನೇ ತೆಗೆದುಕೊಳ್ಳಬಹುದು. ಅಗಲವಾದ ತಲೆ, ಗಿಡ್ಡನೆಯ ದಪ್ಪ ಮೈ, ಮರದ ತೊಗಟೆಯ ಬಣ್ಣದ ಮಚ್ಚೆಗಳಿರುವ ರೆಕ್ಕೆ, ಇವು ಇಡೀ ಕುಲಕ್ಕೆ ಸಾಮಾನ್ಯವಾದ ಲಕ್ಷಣಗಳು. 1790ರಲ್ಲಿ ಒಲಿವಿಯೇ ಹೆಸರಿಸಿದ ಕ್ಯಾಪಿಟಾಟಾ, 1798ರಲ್ಲಿ ಫ್ಯಾಬ್ರೀಷಿಯಸ್ ಹೆಸರಿಸಿದ ಆಕ್ಟೋಗಟ್ಟಾಟಾ ಎಂಬ ಎರಡು ಜಾತಿಗಳೂ ಇದೇ ಕುಲಕ್ಕೆ ಸೇರಿದುವು. ಎರಡನೆಯ ಹೆಸರಿಗೆ ಎಂಟು ಹನಿಗಳುಳ್ಳದ್ದು ಎಂದರ್ಥ. ಹೆಸರಿನಲ್ಲಿ ಎಂಟು ಹನಿಗಳಿವೆಯೆಂದು ಮಚ್ಚೆಗಳನ್ನು ಎಣಿಸಿ ತೀರ್ಮಾನಕ್ಕೆ ಬರುವವನು ಬೇಗನೆ ಎಡವುವನು.

ಏಕೆಂದರೆ ಬಣ್ಣದಷ್ಟು ಮೋಸಗೊಳಿಸುವ ಲಕ್ಷಣ ಮತ್ತೊಂದಿಲ್ಲ. ಪೊರೆ ಕಳಚಿ ಆಗ ತಾನೇ ಹೊರಬಂದ ಹುಳುವು ಬಿಳಿಚಿಕೊಂಡು ಮೆತ್ತಗಿರುವುದು. ಕೆಲವು ಗಂಟೆಗಳಲ್ಲಿ ಅದರ ಮೈ ಗಟ್ಟಿಯಾಗಿ ಬಣ್ಣವೇರುವುದು. ಬದುಕಿರುವಾಗ ಹಸುರಾಗಿದ್ದುದು ಸತ್ತು ಒಣಗಿದ ಮೇಲೆ ಕಂದುಬಣ್ಣಕ್ಕೆ ತಿರುಗುವುದು. ಮುದಿ ಹುಳುವಿನ ರೆಕ್ಕೆ ಹರಿದು ಮಚ್ಚೆಗಳು ಅಳಿಸಿರುವುವು. ಆದುದರಿಂದ ಬಣ್ಣಕ್ಕಿಂತ ಅಂಗಗಳ ಆಕಾರವನ್ನೂ ಅಳತೆಯನ್ನೂ ನೆಚ್ಚತಕ್ಕದ್ದು. ಅದಕ್ಕಾಗಿ ಹುಳುವನ್ನು ಅಂಗಾತ ಮಲಗಿಸತಕ್ಕದ್ದು. ಗಂಡು ಜೀರುಂಡೆಯ ಹೊಟ್ಟೆಯ ಬುಡದಲ್ಲಿ, ಎರಡು ಪಕ್ಕಗಳಲ್ಲೂ ಸ್ವರವನ್ನು ಹುಟ್ಟಿಸುವ ತಮಟೆಗಳಿರುವುವು. ಕೆಲವು ಕುಲಗಳಲ್ಲಿ ಅವು ತೆರೆದೇ ಇರುವುವು, ಕೆಲವುಗಳಲ್ಲಿ ಚಿಪ್ಪಿನಿಂದ ಮುಚ್ಚಿರುವುವು. ಕೆಳಭಾಗದಲ್ಲಿ ಎರಡು ಮುಚ್ಚಳಗಳು ಹೊಟ್ಟೆಯ ಮೇಲೆ ಒರಗಿರುವುವು. ಅವು ಗಿಡ್ಡವೋ ಉದ್ದವೋ, ತುದಿ ದುಂಡಗಿರುವುದೋ ಚೂಪಾಗಿರುವುದೋ, ಹೊಟ್ಟೆಯ ಎಷ್ಟನೆಯ ಉಂಗುರದವರೆಗೆ ಮುಟ್ಟುವುವು, ನಡುವೆ ಒಂದಕ್ಕೊಂದು ತಾಗುವುವೋ ಇಲ್ಲವೋ ಎಂಬುದನ್ನು ನೋಡಬೇಕು. ಕೊಕ್ಕಿನ ತುದಿ ನಡುಗಾಲುಗಳ ಬುಡದಲ್ಲಿಯೇ ನಿಲ್ಲುವುದೋ ಹಿಂಗಾಲುಗಳವರೆಗೆ ಚಾಚಿರುವುದೋ, ಮುಂಗಾಲಿನ ತೊಡೆಯಲ್ಲಿ ಮುಳ್ಳುಗಳೆಷ್ಟು ಎಂಬುದನ್ನೂ ಬರೆದುಕೊಳ್ಳಬೇಕು. ಇಷ್ಟರಿಂದಲೂ ಬಗೆಹರಿಯದಿದ್ದರೆ ಗಂಡಿನ ಬಾಲದ ತುದಿಯ ಅಂಗಗಳನ್ನು ಮಸೂರದ ಕೆಳಗೆ ಪರೀಕ್ಷಿಸದೆ ಗತ್ಯಂತರವಿಲ್ಲ. ಅದು ಪಳಗಿದ ಕೈಯ ಕೆಲಸ.

ಹೊಟ್ಟೆಯ ಕಡೆ ನೋಡುವುದರ ಬೆಲೆಯನ್ನು ಅಮೆರಿಕಾ ದೇಶದ ಇತಿಹಾಸವು ಚೆನ್ನಾಗಿ ತೋರಿಸುವುದು. ಅಲ್ಲಿ 17 ವರ್ಷಗಳಿಗೊಮ್ಮೆ ನೆಲದಿಂದ ಏಳುವ ಜೀರುಂಡೆಗೆ 1758ರಲ್ಲಿ ಲಿನೇಯಸ್ ಒಂದು ಹೆಸರನ್ನು ಕೊಟ್ಟನು. ಬೆನ್ನು ಕಪ್ಪು, ಕಣ್ಣು ಕೆಂಪು; ಮೇಲಿನಿಂದ ನೋಡಿದವರಿಗೆ ಎಲ್ಲವೂ ಒಂದೇ. ಆದರೆ ತಿರುಗಿಸಿ ನೋಡಿದಾಗ ಕೆಲವುಗಳ ಹೊಟ್ಟೆಯ ಮೇಲೆ ಅಗಲವಾದ ಕಿತ್ತಳೆ ಪಟ್ಟೆಗಳಿದ್ದುವು, ಕೆಲವುಗಳ ಹೊಟ್ಟೆ ಬಹುಮಟ್ಟಿಗೆ ಕಪ್ಪಾಗಿಯೇ ಇದ್ದಿತು. ಈ ಕಪ್ಪು ಹೊಟ್ಟೆಯದನ್ನು 1852ರಲ್ಲಿ ಬೇರೆ ಜಾತಿಯೆಂದು ಹೆಸರಿಸಲಾಯಿತು. ಕಿರಿದಾದ ಪಟ್ಟೆಗಳುಳ್ಳ ಮೂರನೆಯದೊಂದು ಇವೆರಡರ ಜೊತೆಯಲ್ಲಿಯೇ ಕೂಗುತ್ತಿದ್ದುದನ್ನು ಬೇರ್ಪಡಿಸಲು 1962ರವರೆಗೆ ಕಾಯಬೇಕಾಯಿತು. ದೂರದ ದೃಷ್ಟಾಂತವೇ ಬೇಡವೆನ್ನುವವರು ನೆರೆಯ ಕೇರಳವನ್ನು ನೋಡಬಹುದು. ವಾಕರನು 1850ರಲ್ಲಿ ವರ್ಣಿಸಿದ ಪುರಾನಾ ಟೈಗ್ರಿನಾ ಎಂಬ ಹೆಸರಿನಿಂದಲೇ ಬಹುಕಾಲ ಕರೆಯಲ್ಪಡುತ್ತಿದ್ದ ಅಲ್ಲಿನ ಜೀರುಂಡೆಯು ಬೇರೊಂದು ಜಾತಿಯೆಂದು ಈಚಿನ ವರ್ಷಗಳಲ್ಲಿ ನಿರ್ಣಯವಾಗಿ, ಮಲೆಯಾಳದ ಚೀವೀಡು ಎಂಬ ಪದವನ್ನೇ ಹಿಡಿದು ಅದಕ್ಕೆ ಪುರಾನಾ ಚೀವೀಡ ಎಂದು ಹೆಸರಿಟ್ಟಿರುವರು. ಹಳ್ಳಿಯವರ ಮಾತಿಗೆ ಶಾಸ್ತ್ರದಲ್ಲಿ ಇಂತಹ ಮರ್ಯಾದೆ ದೊರೆಯುವುದು ಅಪರೂಪ.

ಈಗ ಮೊಬೈಲ್ ಫೋನುಗಳಿರುವುದರಿಂದ ರೈತರು ಹುಳುವಿನ ಚಿತ್ರವನ್ನು ತೆಗೆದು ಅಧಿಕಾರಿಗಳಿಗೆ ಕಳುಹಿಸುವುದು ವಾಡಿಕೆಯಾಗಿದೆ. ಇದು ಒಳ್ಳೆಯದೇ. ಆದರೆ ಆ ಚಿತ್ರಗಳು ಸಾಮಾನ್ಯವಾಗಿ ಬೆನ್ನಿನವು. ಅವುಗಳನ್ನು ನೋಡಿದೊಡನೆ ಜಾತಿಯ ಹೆಸರನ್ನು ಹೇಳಿಬಿಡುವ ಆತುರವು ಎಷ್ಟು ಮಾತ್ರವೂ ಸರಿಯಲ್ಲ. ಬೆನ್ನಿನದೊಂದು, ಹೊಟ್ಟೆಯದೊಂದು, ಪಕ್ಕದ್ದೊಂದು, ಹೀಗೆ ಮೂರು ಚಿತ್ರಗಳನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದು ಕಳುಹಿಸುವಂತೆ ಕೇಳತಕ್ಕದ್ದು. ಅದೇ ಫೋನಿನಲ್ಲಿ ಕೂಗನ್ನೂ ಹಿಡಿದಿಟ್ಟರೆ ಇನ್ನೂ ಲೇಸು; ಮೈಯಲ್ಲಿ ಹೋಲುವ ಜಾತಿಗಳು ಎಷ್ಟೋ ವೇಳೆ ಕೂಗಿನಲ್ಲಿ ಬೇರೆಯಾಗುವುವು.

ರೈತನಿಗೆ ಇಷ್ಟು ಸೂಕ್ಷ್ಮವೇಕೆ, ಹಾನಿ ಮಾಡದ ಹುಳುವಿಗೆ ಯಾವ ಹೆಸರಾದರೇನು ಎಂಬ ಆಕ್ಷೇಪಣೆಯು ಬಾರದೆ ಇರದು. ಜೀರುಂಡೆಯೊಂದರ ಮಟ್ಟಿಗೆ ರೈತನಿಗೆ ವಂಶದ ಗುರುತು ಸಾಕು; ಇದನ್ನು ಒಪ್ಪತಕ್ಕದ್ದೇ. ಇಲಾಖೆಯವರಿಗೆ ಮಾತ್ರ ಸಾಲದು. ಜೀರುಂಡೆಯ ಕಿರಿಯ ನಂಟನಾದ ಮಾವಿನ ಜಿಗಿಹುಳುವನ್ನು ನೋಡಿದರೆ ಇದರ ಕಾರಣ ತಿಳಿಯುವುದು. ಅದಕ್ಕೂ ಅದೇ ತೆರನಾದ ಕೊಕ್ಕು, ಮಾಡಿನಂತಹ ರೆಕ್ಕೆ. ತುಮಕೂರಿನ ಮಾವಿನ ತೋಪುಗಳಲ್ಲಿ ಹೂವಿನ ರಸವನ್ನು ಹೀರಿ ಫಸಲನ್ನು ಉದುರಿಸುವ ಈ ಹುಳುವು ಒಂದೇ ಜಾತಿಯದಲ್ಲ. ರೆಕ್ಕೆಗಳ ಬುಡದ ನಡುವಣ ಮುಕ್ಕೋಣದ ಮೇಲೆ ಮೂರು ಚುಕ್ಕೆಗಳಿದ್ದರೆ ಒಂದು ಜಾತಿ. ಎರಡು ಚುಕ್ಕೆಗಳಿದ್ದು ಮೈ ದೊಡ್ಡದಾಗಿದ್ದರೆ ಮತ್ತೊಂದು. ಎರಡೇ ಇದ್ದು, ಮೈ ಚಿಕ್ಕದಾಗಿ, ನೆತ್ತಿಯ ಮೇಲೂ ಕಪ್ಪು ಚುಕ್ಕೆಗಳಿದ್ದರೆ ಇನ್ನೊಂದು. ಐದು ಮಿಲಿಮೀಟರನ್ನು ಮೀರದ ಹುಳುವಿನ ಚುಕ್ಕೆಗಳನ್ನು ಎಣಿಸಲು ಕಣ್ಣನ್ನು ಪಳಗಿಸಬೇಕಾದರೆ, ಅಂಗುಲದಷ್ಟಿರುವ ಜೀರುಂಡೆಗಿಂತ ಒಳ್ಳೆಯ ಪಾಠವಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಸಿ. ಎ. ವಿರಕ್ತಮಠರು ಜಿಗಿಹುಳುಗಳ ವರ್ಗೀಕರಣದಲ್ಲಿ ನಡೆಸಿದ ದೀರ್ಘವಾದ ಸೇವೆಯು ಈ ರಾಜ್ಯಕ್ಕೆ ಕೀರ್ತಿಯನ್ನು ತಂದಿತು. ಅಂತಹ ಕೆಲಸದ ಫಲವು ಹೋಬಳಿಯವರೆಗೆ ಇಳಿದು ಬರಬೇಕು.

ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ಹಳೆಯ ಮೇಲ್ಪಂಕ್ತಿಯೂ ಉಂಟು. 1908ರಲ್ಲಿ ಇಲ್ಲಿಗೆ ಬಂದ ಲೆಸ್ಲಿ ಕೋಲ್ಮನ್ನರು ಜೋಳವನ್ನು ತಿನ್ನುವ ಮಿಡತೆಯ ವಿಷಯದಲ್ಲಿ, ಮಿಡತೆಯೆಂಬ ಹೆಸರೇ ಸಾಕೆಂದು ಸುಮ್ಮನಿರಲಿಲ್ಲ. ಅದು ಶಾಸ್ತ್ರಕ್ಕೆ ಹೊಸತೆಂದು ತಿಳಿದು, 1910ರಲ್ಲಿ ಅದರ ಕುಲಕ್ಕೆ ಕೋಲ್ಮೇನಿಯಾ ಎಂದು ಅವರ ಹೆಸರೇ ನಿಂತಿತು. ಅದು ಹಾರಲಾರದ ಮಿಡತೆ. ಹಾರುವ ಮಿಡತೆಗೆ ಹೂಡುವ ಉಪಾಯವೇ ಇದಕ್ಕೂ ಸಲ್ಲುವುದೆಂದು ತಿಳಿದರೆ ಕೆಲಸ ಕೆಡುವುದು.

ಆದುದರಿಂದ ಪ್ರತಿ ರೈತ ಸಂಪರ್ಕ ಕೇಂದ್ರದಲ್ಲೂ ಗಾಜಿನ ಮುಚ್ಚಳದ ಒಂದು ಪೆಟ್ಟಿಗೆಯನ್ನಿಟ್ಟು, ಆ ಹೋಬಳಿಯಲ್ಲಿಯೇ ಸಿಕ್ಕಿದ ಹುಳುಗಳನ್ನು ಸೂಜಿಗೆ ಚುಚ್ಚಿ ಒಣಗಿಸಿ ಇಡುವುದು ಯುಕ್ತ. ಪ್ರತಿ ಜಾತಿಯಲ್ಲೂ ಒಂದನ್ನು ಬೆನ್ನು ಮೇಲಾಗಿ, ಒಂದನ್ನು ಹೊಟ್ಟೆ ಮೇಲಾಗಿ ಇಡಬೇಕು. ಖರ್ಚು ಅತ್ಯಲ್ಪ, ಇರುವೆಗಳಿಂದಲೂ ಬೂಷ್ಟಿನಿಂದಲೂ ಕಾಪಾಡುವುದೇ ಹೆಚ್ಚಿನ ತೊಂದರೆ. ದೇವರಾಯನದುರ್ಗದ ಕಾಡಿನ ಅಂಚಿನಲ್ಲಿ ಸಿಕ್ಕಿದ್ದಕ್ಕೂ ಬಟವಾಡಿಯ ಸಾಲುಮರದಲ್ಲಿ ಸಿಕ್ಕಿದ್ದಕ್ಕೂ ಬೇರೆ ಬೇರೆ ಚೀಟಿಯಿರಬೇಕು. ಸ್ಥಳ, ತಾರೀಖು, ಮರದ ಹೆಸರು, ಹಿಡಿದವರ ಹೆಸರು, ಈ ನಾಲ್ಕಿಲ್ಲದ ಹುಳುವನ್ನು ಪೆಟ್ಟಿಗೆಗೆ ಸೇರಿಸಲಾಗದು. ಸಂಶಯವಿದ್ದುವನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ ಬೆಂಗಳೂರಿನ ವಿಶ್ವವಿದ್ಯಾನಿಲಯಕ್ಕೋ ಕಳುಹಿಸಬಹುದು. ಹೆಣ್ಣು ಜೀರುಂಡೆಗೆ ಕೂಗೂ ಇಲ್ಲ, ತಮಟೆಯೂ ಇಲ್ಲ. ಅದರ ಜೊತೆಯ ಗಂಡು ಸಿಕ್ಕುವವರೆಗೆ ಚೀಟಿಯಲ್ಲಿ ಕುಲದ ಹೆಸರನ್ನು ಮಾತ್ರ ಬರೆದು, ಜಾತಿಯ ಸ್ಥಳವನ್ನು ಖಾಲಿ ಬಿಡತಕ್ಕದ್ದು.