ಮರಿ ಮುದ್ದಾಗಿದೆ ಸರಿ, ಪಾಲಿಸಿ ಓದಿದ್ದೀರಾ?

ಮೊದಲ ಸಂಬಳಕ್ಕೆ ಮೊಬೈಲ್, ಆರನೇ ತಿಂಗಳಿಗೆ ಬೈಕಿನ ಇಎಂಐ, ವರ್ಷ ತುಂಬುವಷ್ಟರಲ್ಲಿ ಒಂದು ಲ್ಯಾಬ್ರಡಾರ್ ಮರಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ನಮ್ಮ ವಯಸ್ಸಿನ ಎಷ್ಟೋ ಜನರ ಕಥೆ ಹೀಗೇ ಸಾಗುತ್ತದೆ. ಮರಿಗೆ ಹೆಸರು ಹುಡುಕಲು ಒಂದು ವಾರ ಬೇಕು, ಇನ್‌ಸ್ಟಾಗ್ರಾಂನಲ್ಲಿ ಅದಕ್ಕೊಂದು ಖಾತೆಯೂ ಆಗಬೇಕು. ವಿಮೆಯ ಮಾತು ಬರುವುದು ಮಾತ್ರ ನಾಯಿ ಕುಂಟಲು ಶುರು ಮಾಡಿದ ಮೇಲೆ. ಅಷ್ಟರಲ್ಲಿ ತುಂಬಾ ತಡವಾಗಿರುತ್ತದೆ ಎಂಬುದೇ ನನ್ನ ವಾದ.

ಕಾಯಿಲೆ ಯಾವ ನಾಯಿಗೂ ಬರಬಹುದು. ಆದರೆ ಕೆಲವು ತಳಿಗಳಿಗೆ ಅದು ವಂಶದಲ್ಲೇ ಬರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್‌ಪ್ಲೇಸಿಯಾ, ಡಾಬರ್‌ಮನ್‌ನಲ್ಲಿ ಹೃದಯದ ಸ್ನಾಯು ದುರ್ಬಲವಾಗುವ ತೊಂದರೆ, ಡ್ಯಾಶ್‌ಹಂಡ್‌ನಲ್ಲಿ ಬೆನ್ನಿನ ಡಿಸ್ಕ್ ಸಮಸ್ಯೆ. ಪಗ್ ಅಂತೂ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿ ಓಡಿ ಮನೆಮಾತಾಯಿತು. ಆ ಚಪ್ಪಟೆ ಮೂಗಿನಲ್ಲಿ ಉಸಿರಾಡುವುದು ಎಷ್ಟು ಕಷ್ಟ ಎಂದು ಜಾಹೀರಾತು ಯಾಕೆ ಹೇಳೀತು?

ವಿಮೆ ಎಂದ ಕೂಡಲೇ ನಾವು ಪ್ರೀಮಿಯಂ ಹೋಲಿಸಲು ಕೂರುತ್ತೇವೆ. ನನ್ನ ಪ್ರಕಾರ ಅದು ಕೊನೆಗೆ ಮಾಡುವ ಕೆಲಸ. ಮೊದಲು ತೆರೆಯಬೇಕಾದದ್ದು ‘ಇವಕ್ಕೆ ಹಣ ಕೊಡುವುದಿಲ್ಲ’ ಎಂದು ಪಟ್ಟಿ ಮಾಡಿದ ಪುಟ. ಅಲ್ಲಿ ‘ಕಂಜೆನಿಟಲ್’ ಮತ್ತು ‘ಹೆರಿಡಿಟರಿ’ ಎಂಬ ಎರಡು ಪದ ಹುಡುಕಿ. ಮೊದಲನೆಯದು ಜನ್ಮಜಾತ, ಅಂದರೆ ಹುಟ್ಟುವಾಗಲೇ ಇರುವ ದೋಷ. ಎರಡನೆಯದು ಆನುವಂಶಿಕ, ತಂದೆ ತಾಯಿಯಿಂದ ಬಂದದ್ದು. ಹುಟ್ಟುವಾಗ ಅದರ ಸುಳಿವೇ ಇಲ್ಲದಿರಬಹುದು. ವಿಮೆ ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಲ್ಯಾಬ್ರಡಾರ್ ಸಾಕುವವರಿಗೆ ಎಲ್ಲವೂ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ಹಿಪ್ ಡಿಸ್‌ಪ್ಲೇಸಿಯಾ ಬರುವ ಮರಿ ಕೂಡ ಸರಿಯಾದ ಕೀಲಿನೊಂದಿಗೇ ಹುಟ್ಟುತ್ತದೆ. ಬೆಳೆಯುತ್ತಾ ಕೀಲು ಸಡಿಲವಾಗುತ್ತದೆ. ಪಾಲಿಸಿಯಲ್ಲಿ ಜನ್ಮಜಾತ ಎಂದಷ್ಟೇ ಇದ್ದರೆ ವಾದ ಮಾಡಲು ನಿಮಗೆ ಜಾಗವಿದೆ. ಆನುವಂಶಿಕ ಎಂದೂ ಇದ್ದರೆ, ಯಾವ ಕಾಯಿಲೆಗೆ ಹೆದರಿ ವಿಮೆ ಮಾಡಿಸುತ್ತಿದ್ದೀರೋ ಅದನ್ನೇ ತೆಗೆದಿಟ್ಟು ಮಿಕ್ಕಿದ್ದನ್ನು ನಿಮಗೆ ಮಾರುತ್ತಿದ್ದಾರೆ. ತಳಿಯ ಹೆಸರು, ಕಾಯಿಲೆಯ ಹೆಸರು ಎರಡನ್ನೂ ಬರೆದು ಇಮೇಲ್‌ನಲ್ಲಿ ಕೇಳಿ. ‘ಎಲ್ಲಾ ಕವರ್ ಆಗುತ್ತೆ ಸರ್’ ಎಂದು ಫೋನಿನಲ್ಲಿ ಹೇಳಿದವರು ಕ್ಲೇಮ್ ಮಾಡುವ ದಿನ ಕೈಗೆ ಸಿಗುವುದಿಲ್ಲ.

ಇನ್ನೊಂದು ಕಂಟಕ, ‘ಮೊದಲೇ ಇದ್ದ ಕಾಯಿಲೆ’ ಎಂಬ ಷರತ್ತು. ನನ್ನ ರೂಮ್‌ಮೇಟ್‌ನ ಲ್ಯಾಬ್ರಡಾರ್ ಐದು ತಿಂಗಳಿದ್ದಾಗ ವೈದ್ಯರು ಲಸಿಕೆ ಪುಸ್ತಕದಲ್ಲಿ ‘ಹಿಂಗಾಲು ಸ್ವಲ್ಪ ಕುಂಟು’ ಎಂದು ಬರೆದಿದ್ದರು. ಅವನು ಪಾಲಿಸಿ ತೆಗೆದುಕೊಂಡದ್ದು ಎಂಟನೇ ತಿಂಗಳಲ್ಲಿ. ಎರಡು ವರ್ಷದ ನಂತರ ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಕಂಡಿತು. ಕಂಪನಿ ಆ ಒಂದೇ ಸಾಲು ತೋರಿಸಿ ಕ್ಲೇಮ್ ತಳ್ಳಿಹಾಕಿತು. ಷರತ್ತಿನ ಪ್ರಕಾರ ಕಂಪನಿ ಮಾಡಿದ್ದು ತಪ್ಪಲ್ಲ, ನನಗೆ ಸಿಟ್ಟು ಬರುವುದೂ ಅದಕ್ಕೇ. ಹಾಗಂತ ಪುಸ್ತಕದಲ್ಲಿ ಬರೆಯಬೇಡಿ ಎಂದು ವೈದ್ಯರನ್ನು ಕೇಳಿಕೊಳ್ಳುವುದು ದಾರಿಯಲ್ಲ. ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯೇ ರದ್ದಾಗಬಹುದು. ಕಂಪನಿ ಒಪ್ಪುವ ಕನಿಷ್ಠ ವಯಸ್ಸು ತುಂಬಿದ ಕೂಡಲೇ, ಮರಿ ಆರೋಗ್ಯವಾಗಿರುವಾಗಲೇ ವಿಮೆ ಮಾಡಿಸಬೇಕು. ಪಾಲಿಸಿ ಶುರುವಾದ ಮೇಲೂ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೀಲಿನ ಕಾಯಿಲೆ ಒಂದು ಆಪರೇಷನ್‌ಗೆ ಮುಗಿಯುವಂಥದ್ದಲ್ಲ. ನೋವಿನ ಮಾತ್ರೆ, ಫಿಸಿಯೋಥೆರಪಿ, ಮತ್ತೆ ಎಕ್ಸ್‌ರೇ ಎಂದು ವರ್ಷಗಟ್ಟಲೆ ಹಣ ಹೋಗುತ್ತಲೇ ಇರುತ್ತದೆ. ಪಾಲಿಸಿ ಬರೀ ಆಸ್ಪತ್ರೆಗೆ ಸೇರಿಸಿದಾಗಿನ ಖರ್ಚು ಕೊಡುವಂಥದ್ದಾದರೆ ಇವು ಯಾವುವೂ ಅದರಲ್ಲಿ ಬರುವುದಿಲ್ಲ. ಬ್ರಿಟನ್‌ನಲ್ಲಿ ‘ಲೈಫ್‌ಟೈಮ್’ ಎಂಬ ಬಗೆಯ ಪಾಲಿಸಿ ಸಿಗುತ್ತದೆ. ತಪ್ಪದೆ ನವೀಕರಿಸುತ್ತಾ ಹೋದರೆ ಅದೇ ಕಾಯಿಲೆಗೆ ಪ್ರತಿ ವರ್ಷವೂ ಹೊಸದಾಗಿ ಮಿತಿ ದೊರೆಯುತ್ತದೆ. ನಿಮ್ಮ ಕೈಯಲ್ಲಿರುವುದು ಒಂದು ವರ್ಷದ ಪಾಲಿಸಿಯಾದರೆ, ಈ ವರ್ಷ ಕ್ಲೇಮ್ ಮಾಡಿದ ಕಾಯಿಲೆಗೆ ಮುಂದಿನ ವರ್ಷವೂ ಹಣ ಸಿಗುತ್ತದೆಯೇ ಎಂದು ಕೇಳಲೇಬೇಕು.

ಆನುವಂಶಿಕ ಕಾಯಿಲೆಗೆ ಹಣ ಕೊಡುವ ಪಾಲಿಸಿ ಸಿಗದಿದ್ದರೆ ನಾನಾದರೆ ಬ್ಯಾಂಕಿನಲ್ಲಿ ಒಂದು ಆರ್‌ಡಿ ತೆರೆಯುತ್ತೇನೆ. ತಿಂಗಳಿಗೆ ₹1,000 ಕಟ್ಟಿದರೂ ಮೂರು ವರ್ಷಕ್ಕೆ ₹36,000, ಮೇಲೆ ಬಡ್ಡಿ. ನಾಯಿ ಯಾರನ್ನಾದರೂ ಕಚ್ಚಿದರೆ ಪರಿಹಾರ ಕೊಡುವ ಭಾಗ ಉಪಯುಕ್ತವೇ, ಆದರೆ ಅದು ಬೇರೆ ವಿಷಯ. ಹಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ನಾಯಿಯ ತಟ್ಟೆಯ ಅಳತೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ ಕೊಟ್ಟು ಜೀವನಪೂರ್ತಿ ಗಮನಿಸಿದರು. ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳ ಸೊಂಟದ ಕೀಲು ಸವೆದದ್ದೂ ತಡವಾಗಿ. ‘ದುಂಡಗಿದ್ದರೇ ಚೆಂದ’ ಎನ್ನುವ ಅಜ್ಜಿಯಂದಿರಿಗೆ ಇದನ್ನು ಹೇಳುವುದು ಸುಲಭವಲ್ಲ ಬಿಡಿ.

ಮರಿ ಮಾರುವವರನ್ನೂ ಸುಮ್ಮನೆ ಬಿಡಬೇಡಿ. 2017ರ ಕೇಂದ್ರದ ನಿಯಮದ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಕೇಳಿ. ವಂಶಾವಳಿಯ ಸರ್ಟಿಫಿಕೇಟ್ ಮುಂದೆ ಹಿಡಿದರೆ ಸಮಾಧಾನವಾಗಬೇಡಿ. ಅಜ್ಜ ಯಾರೆಂದು ಹೇಳುವ ಕಾಗದ ಅವನ ಕೀಲು ಹೇಗಿತ್ತೆಂದು ಹೇಳುವುದಿಲ್ಲ.

ವಿಮಾ ಕಂಪನಿಗಳಿಗೂ ಒಂದು ಮಾತು. ಅರ್ಜಿಯಲ್ಲಿ ನಾಯಿಯ ತಳಿ ಯಾವುದೆಂದು ತಪ್ಪದೆ ಕೇಳುತ್ತೀರಿ. ಆ ತಳಿಗೆ ಬರುವ ಆನುವಂಶಿಕ ಕಾಯಿಲೆಗಳು ಯಾವುವು, ಅದರಲ್ಲಿ ಯಾವುದಕ್ಕೆ ಹಣ ಕೊಡುತ್ತೀರಿ, ಯಾವುದಕ್ಕೆ ಇಲ್ಲ ಎಂಬುದನ್ನು ಪಾಲಿಸಿಯ ಮೊದಲ ಪುಟದಲ್ಲೇ, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿ. ಖರ್ಚು ತಾಳಲಾರದೆ ಲೇಔಟಿನ ಖಾಲಿ ಸೈಟಿನಲ್ಲಿ ಬಿಟ್ಟುಹೋದ ಕುಂಟು ಲ್ಯಾಬ್ರಡಾರ್‌ಗಳಿಗೆ ಊಟ ಹಾಕುತ್ತಿರುವವರು ಆ ಬಡಾವಣೆಯ ಜನ.