ಮನೆಗೂ ಒಂದು ಪರೀಕ್ಷೆ ಬೇಡವೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಎರಡೂ ಕಾರ್ಯಗಳ ಕಷ್ಟವನ್ನು ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿಟ್ಟಿದ್ದಾರೆ. ಆದರೆ ಸಂಬಂಧವನ್ನು ಗೊತ್ತುಮಾಡುವ ಮುನ್ನ ನಾಲ್ಕು ಕಡೆ ವಿಚಾರಿಸುವ ನಾವು, ಮನೆಯನ್ನು ಕೊಳ್ಳುವಾಗ ಅಷ್ಟು ವಿಚಾರ ಮಾಡುವುದಿಲ್ಲ. ಬಾಗಿಲು ಯಾವ ದಿಕ್ಕಿಗಿದೆ, ನೆಲ ಎಷ್ಟು ಹೊಳೆಯುತ್ತದೆ, ಗೋಡೆಯ ಬಣ್ಣ ಕಣ್ಣಿಗೆ ಹಿತವಾಗಿದೆಯೆ ಎಂಬಿಷ್ಟನ್ನು ನೋಡಿ ಮುಂಗಡ ಹಣವನ್ನು ಎಣಿಸಿಬಿಡುತ್ತೇವೆ. ತಾರಸಿಯನ್ನು ಹತ್ತಿ ನೋಡುವವರು ವಿರಳ; ಬಚ್ಚಲುಮನೆಯ ಹಿಂದಿನ ಗೋಡೆಯನ್ನು ಮುಟ್ಟಿ ನೋಡುವವರು ಇನ್ನೂ ವಿರಳ. ಒಂದು ಸಂಸಾರದ ಜೀವಮಾನದ ಉಳಿತಾಯವೂ, ಮುಂದಿನ ಹಲವು ವರ್ಷಗಳ ಸಾಲವೂ ಹೀಗೆ ಬಣ್ಣದ ಮೇಲಿನ ನಂಬಿಕೆಯಿಂದ ವ್ಯಯವಾಗುತ್ತವೆ.

ಕೊಳ್ಳುವವರ ಪರವಾಗಿ ಮನೆಗಳನ್ನು ಪರೀಕ್ಷಿಸಿ ವರದಿ ಕೊಡುವುದು ಕೆಲವು ವರ್ಷಗಳಿಂದ ನನ್ನ ವೃತ್ತಿಯಾಗಿದೆ. ಈ ಅನುಭವದಿಂದ ನನ್ನಲ್ಲಿ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ: ಸ್ವತಂತ್ರನಾದ ತಜ್ಞನೊಬ್ಬನು ನೋಡದೆ ಯಾವ ಮನೆಯೂ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗಬಾರದು. ಏಕೆಂದರೆ ಮನೆಯಲ್ಲಿ ದೋಷ ಕಾಣಿಸಿಕೊಳ್ಳುವ ಸ್ಥಳ ಒಂದು, ಅದು ಹುಟ್ಟುವ ಸ್ಥಳ ಇನ್ನೊಂದು. ಜ್ವರಕ್ಕೂ ರೋಗಕ್ಕೂ ಇರುವ ಭೇದವೇ ಇಲ್ಲಿಯೂ ಇದೆ.

ಮನೆಯ ಮೊದಲನೆಯ ಶತ್ರು ನೀರು. ಒಂದು ಮನೆಯಲ್ಲಿ ಮಲಗುವ ಕೋಣೆಯ ಗೋಡೆಯ ಬಣ್ಣ ವರ್ಷವರ್ಷವೂ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಮನೆಯವರು ಮೂರು ಬಾರಿ ಗಾರೆ ಕೆರೆದು ಬಣ್ಣ ಬಳಿಸಿದ್ದರು. ಆ ತೇವ ಮಳೆಗಾಲದಲ್ಲಿ ಮಾತ್ರವಲ್ಲದೆ ಬೇಸಿಗೆಯಲ್ಲಿಯೂ ಇದ್ದಿತೆಂಬ ಒಂದು ಸಂಗತಿಯೇ ದಾರಿ ತೋರಿತು. ಮಳೆಯದಲ್ಲದ ನೀರು ಮನೆಯೊಳಗಿನದೇ ಆಗಿರಬೇಕು. ಗೋಡೆಯ ಆಚೆಗೆ ಬಚ್ಚಲುಮನೆ. ಅದರ ಹೊರಹರಿವಿನ ಬಾಯಿಯನ್ನು ಮುಚ್ಚಿ, ನೆಲದ ಮೇಲೆ ಒಂದು ಇಡೀ ದಿನ ನೀರು ನಿಲ್ಲಿಸಿದಾಗ ಗೋಡೆಯ ಕಲೆ ಹಿಗ್ಗಿತು. ಬಣ್ಣಕ್ಕೆ ಸುರಿದ ಹಣದಲ್ಲಿ ಬಚ್ಚಲಿನ ನೆಲವನ್ನು ಒಮ್ಮೆ ಸರಿಪಡಿಸಬಹುದಾಗಿತ್ತು.

ಇದಕ್ಕೆ ಭಿನ್ನವಾದದ್ದು ಗೋಡೆಯ ಬುಡದಲ್ಲಿ ಉದ್ದಕ್ಕೂ ಕಾಣುವ ತೇವ. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ನೆಲದಿಂದ ಮೇಲಕ್ಕೆ ಏರುತ್ತದೆ. ಅದು ಆವಿಯಾಗಿ ಹೋದಮೇಲೆ ತಂದ ಲವಣಗಳು ಬಿಳಿಯ ಹುಡಿಯಾಗಿ ಗೋಡೆಯ ಮೇಲೆ ಉಳಿಯುತ್ತವೆ. ತಾರಸಿಯಿಂದ ಇಳಿಯುವ ತೇವ ಮಳೆಯೊಡನೆ ಬಂದು, ಮಳೆ ನಿಂತಮೇಲೆ ಮೆಲ್ಲನೆ ಹಿಂದೆ ಸರಿಯುತ್ತದೆ. ಕಲೆ ಎಲ್ಲಿದೆ ಎಂಬುದಕ್ಕಿಂತ ಅದು ಯಾವಾಗ ಹೆಚ್ಚುತ್ತದೆ ಎಂಬ ಪ್ರಶ್ನೆಯೇ ಪರೀಕ್ಷಕನಿಗೆ ಹೆಚ್ಚು ಉಪಯುಕ್ತ.

ನೀರಿನ ಅಪಾಯ ಬಣ್ಣ ಕೆಡುವುದರಲ್ಲಿ ಮುಗಿಯುವುದಿಲ್ಲ. ಒಳ್ಳೆಯ ಕಾಂಕ್ರೀಟು ಪ್ರಬಲ ಕ್ಷಾರಗುಣವುಳ್ಳದ್ದು. ಅದರ ಪಿಎಚ್ ಮೌಲ್ಯ 12ಕ್ಕಿಂತ ಹೆಚ್ಚು. ಈ ಕ್ಷಾರದ ಆಶ್ರಯದಲ್ಲಿ ಒಳಗಿನ ಉಕ್ಕಿನ ಸರಳಿನ ಮೇಲೆ ತೆಳುವಾದ ರಕ್ಷಕ ಪೊರೆಯೊಂದು ಉಂಟಾಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ವರ್ಷಗಳು ಕಳೆದಂತೆ ಕಾಂಕ್ರೀಟಿನೊಳಕ್ಕೆ ಇಳಿದು ಕ್ಷಾರವನ್ನು ಕುಂದಿಸುತ್ತದೆ. ಪಿಎಚ್ ಸುಮಾರು 9ಕ್ಕೆ ಇಳಿದರೆ ಪೊರೆ ಅಳಿಯುತ್ತದೆ. ಆಮೇಲೆ ನೀರೂ ಆಮ್ಲಜನಕವೂ ದೊರೆತರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ, ಸೌಮ್ಯ ವಾತಾವರಣದಲ್ಲಿಯೂ ಚಾವಣಿಯ ಸರಳಿನ ಹೊರಗೆ ಸಾಮಾನ್ಯವಾಗಿ 20 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕು. ಕೆಲಸಗಾರರ ಕಾಲಿನ ಕೆಳಗೆ ಸರಳು ಬಾಗಿ ಈ ಹೊದಿಕೆ ತೆಳುವಾದ ಚಾವಣಿಗಳನ್ನು ನಾನು ಬಹಳ ಕಂಡಿದ್ದೇನೆ. ಚಾವಣಿಯಲ್ಲಿ ಸರಳಿನ ಜಾಡಿನಲ್ಲಿಯೇ ನೇರವಾದ ಕಂದುಬಣ್ಣದ ಬಿರುಕು ಕಂಡರೆ, ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಕೇಳಿದರೆ, ಅಲ್ಲಿ ಬಣ್ಣ ಬಳಿಯುವುದು ಅಪರಾಧಕ್ಕೆ ಸಮಾನ. ಕೆಳಗೆ ಮಕ್ಕಳು ಮಲಗುತ್ತಾರೆ ಎಂಬುದನ್ನು ಮರೆಯಬಾರದು.

ಆದರೆ ಎಲ್ಲ ಬಿರುಕುಗಳಿಗೂ ಹೆದರಬೇಕಾಗಿಲ್ಲ. ಗಾರೆ ಒಣಗುವಾಗ ಕುಗ್ಗುವುದರಿಂದ ಜೇಡರ ಬಲೆಯಂತಹ ಸಣ್ಣ ಬಿರುಕುಗಳು ಮೂಡುತ್ತವೆ, ಅವು ನಿರುಪದ್ರವಿಗಳು. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ: 10 ಮೀಟರು ಉದ್ದದ ಚಾವಣಿ 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯ್ದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಚಾವಣಿಗೂ ಗೋಡೆಗೂ ನಡುವೆ ಕಾಣುವ ಅಡ್ಡ ಬಿರುಕುಗಳಲ್ಲಿ ಅನೇಕವು ಇದರ ಫಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲುಮೆಟ್ಟಿಲಾಗಿ ಏರುವ, ಒಂದು ತುದಿಯಲ್ಲಿ ಅಗಲವಾಗುತ್ತ ಹೋಗುವ ಬಿರುಕಿನ ಕಥೆಯೇ ಬೇರೆ. ಅದು ತಳಪಾಯದ ಚಲನೆಯನ್ನು ಸೂಚಿಸಬಹುದು. ಧಾರವಾಡ, ವಿಜಯಪುರ, ಕಲಬುರಗಿಗಳ ಎರೆಭೂಮಿಯಲ್ಲಿ ವಾಸಿಸುವವರಿಗೆ ಇದರ ಪರಿಚಯವಿದೆ. ಆ ಮಣ್ಣಿನ ಜೇಡಿ ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ; ಅದರ ಮೇಲೆ ಆಳವಿಲ್ಲದ ತಳಪಾಯ ಹಾಕಿದ ಮನೆಯೂ ಜೊತೆಗೇ ಏರಿಳಿಯುತ್ತದೆ. ಬಿರುಕಿನ ಎರಡು ತುದಿಗಳಲ್ಲಿಯೂ ಸೀಸದ ಕಡ್ಡಿಯಿಂದ ಗುರುತು ಮಾಡಿ ತಾರೀಖನ್ನು ಬರೆದಿಟ್ಟು ಒಂದು ವರ್ಷ ಗಮನಿಸಿದರೆ, ಅದು ಸತ್ತ ಬಿರುಕೋ ಬೆಳೆಯುತ್ತಿರುವ ಬಿರುಕೋ ತಾನೇ ತಿಳಿಯುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಹೀಗೆ ಕಾಯುವಂತಿಲ್ಲ. ಮೂರು ರಂಧ್ರಗಳ ಸಾಕೆಟ್ಟಿದ್ದು, ಮೂರನೆಯದರ ಹಿಂದೆ ಭೂಸಂಪರ್ಕದ ತಂತಿಯೇ ಇಲ್ಲದ ಮನೆಗಳನ್ನು ನಾನು ಕಂಡಿದ್ದೇನೆ. 30 ಮಿಲಿ ಆಂಪಿಯರಿನಷ್ಟು ಸೋರಿಕೆಯಾದೊಡನೆ ಸಂಪರ್ಕವನ್ನು ಕಡಿದು ಪ್ರಾಣ ಕಾಯುವ ಆರ್‌ಸಿಸಿಬಿ ಎಂಬ ಸಾಧನ ದುಬಾರಿಯಾದುದಲ್ಲ. ಆದರೂ ಹೊಳೆಯುವ ದೀಪಗಳಿಗೆ ಸುರಿದ ಹಣದಲ್ಲಿ ಅಲ್ಪಾಂಶವೂ ಅದಕ್ಕೆ ದೊರೆಯದ ಮನೆಗಳುಂಟು.

ಈ ವೃತ್ತಿ ಕಲಿಸುವ ಅತ್ಯಂತ ಬೆಲೆಯುಳ್ಳ ಪಾಠ ಬರವಣಿಗೆಗೆ ಸಂಬಂಧಿಸಿದ್ದು. 'ಗೋಡೆಯಲ್ಲಿ ತೇವವಿದೆ' ಎಂಬುದು ಕಂಡ ಸಂಗತಿ. 'ಕೊಳವೆ ಒಡೆದಿದೆ' ಎಂಬುದು ಊಹೆ. ವರದಿಯಲ್ಲಿ ಇವೆರಡನ್ನೂ ಬೆರಸಕೂಡದು. ಉಪಕರಣಗಳೂ ಈ ನಿಯಮಕ್ಕೆ ಹೊರತಲ್ಲ. ಇಂದು ಬಳಕೆಯಲ್ಲಿರುವ ಉಷ್ಣಚಿತ್ರ ಕ್ಯಾಮೆರಾ ನೀರನ್ನು ತೋರಿಸುತ್ತದೆಂದು ಹಲವರು ನಂಬಿದ್ದಾರೆ. ಅದು ತೋರಿಸುವುದು ಮೇಲ್ಮೈಯ ಉಷ್ಣತೆಯ ವ್ಯತ್ಯಾಸವನ್ನು ಮಾತ್ರ. ತೇವವಿದ್ದಲ್ಲಿ ನೀರು ಆವಿಯಾಗುವುದರಿಂದ ಗೋಡೆ ತಂಪಾಗಿರಬಹುದು, ನೆರಳಿನಿಂದಲೂ ತಂಪಾಗಿರಬಹುದು. ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಿ ಕೈಕಟ್ಟಿ ಕೂಡುವಂತಿಲ್ಲ.

'ಅನುಭವಸ್ಥನಾದ ಮೇಸ್ತ್ರಿಯಿರುವಾಗ ಪರೀಕ್ಷಕನ ವೆಚ್ಚ ಏಕೆ?' ಎಂದು ಕೇಳುವವರಿದ್ದಾರೆ. ಮೇಸ್ತ್ರಿಯ ಅನುಭವವನ್ನು ನಾನು ಗೌರವಿಸುತ್ತೇನೆ. ತೂಗುಗುಂಡಿನ ಉಪಯೋಗವನ್ನು ಅವನಷ್ಟು ಬಲ್ಲವರು ಕಡಿಮೆ. ಆದರೆ ದುರಸ್ತಿಯಿಂದ ಲಾಭ ಪಡೆಯುವವನೂ, ಮಾರಾಟದಿಂದ ದಲ್ಲಾಳಿ ಪಡೆಯುವವನೂ ನಿಷ್ಪಕ್ಷಪಾತವಾದ ಸಾಕ್ಷಿಯಾಗಲಾರರು. ದೋಷವನ್ನು ಹೇಳುವವನೇ ಅದನ್ನು ತಿದ್ದುವ ಗುತ್ತಿಗೆಯನ್ನು ಹಿಡಿಯಬಾರದು. ಅಮೆರಿಕದಲ್ಲಿ 1976ರಷ್ಟು ಹಿಂದೆಯೇ ಗೃಹಪರೀಕ್ಷಕರ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ಅಲ್ಲಿ ಮನೆ ಕೊಳ್ಳುವ ಮುನ್ನ ಪರೀಕ್ಷೆ ಮಾಡಿಸುವುದು ಸಾಮಾನ್ಯ ರೂಢಿ. ನಮ್ಮಲ್ಲಿಯೂ 2016ರ ರೇರಾ ಕಾನೂನು ಕೊಳ್ಳುವವನಿಗೆ ಒಂದು ಆಯುಧವನ್ನು ಕೊಟ್ಟಿದೆ. ಅದರ ವ್ಯಾಪ್ತಿಗೆ ಬರುವ ಕಟ್ಟಡವನ್ನು ವಶಕ್ಕೆ ಪಡೆದ 5 ವರ್ಷಗಳೊಳಗೆ ರಚನೆಯ ದೋಷವನ್ನು ತಿಳಿಸಿದರೆ, ನಿರ್ಮಾಪಕನು 30 ದಿನಗಳಲ್ಲಿ ತನ್ನ ಖರ್ಚಿನಿಂದಲೇ ಅದನ್ನು ಸರಿಪಡಿಸಬೇಕು. ಆದರೆ ದೋಷವನ್ನೇ ಕಾಣದವನಿಗೆ ಕಾನೂನು ಹೇಗೆ ನೆರವಾದೀತು? ಐದನೆಯ ವರ್ಷ ಮುಗಿಯುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸುವುದು ವಿವೇಕ.

ವಿದ್ಯಾರ್ಥಿಗಳಾದ ನೀವು ಇಂದೇ ಮನೆಯನ್ನು ಕೊಳ್ಳಲಾರಿರಿ. ಇರುವ ಮನೆಯನ್ನು ನೋಡಬಲ್ಲಿರಿ. ಒಂದು ನೋಟುಪುಸ್ತಕವನ್ನು ಇಟ್ಟುಕೊಳ್ಳಿ. ಮಳೆ ನಿಂತ ಬಳಿಕ ಹಿರಿಯರೊಡನೆ ತಾರಸಿಗೆ ಹೋಗಿ, ನೀರು ಎಲ್ಲಿ ಮಡುಗಟ್ಟಿದೆ, ಹೊರಹರಿವಿನ ಬಾಯಿಯಲ್ಲಿ ಎಲೆ ಕಟ್ಟಿಕೊಂಡಿದೆಯೆ ಎಂಬುದನ್ನು ಬರೆಯಿರಿ. ಗೋಡೆಯ ಬುಡದಲ್ಲಿ ಗೆದ್ದಲಿನ ಮಣ್ಣುಗೆರೆ ಇದೆಯೆ ನೋಡಿ. ಬಿರುಕುಗಳ ಉದ್ದವನ್ನು ತಾರೀಖಿನೊಡನೆ ಗುರುತಿಸಿ. ವಿದ್ಯುತ್ ಫಲಕದ ಒಳಭಾಗವನ್ನು ಮಾತ್ರ ಬಲ್ಲವರಿಗೇ ಬಿಡಿ. ಪಠ್ಯಪುಸ್ತಕದಲ್ಲಿ ಓದಿದ ಉಷ್ಣವ್ಯಾಕೋಚನವೂ ತುಕ್ಕಿನ ರಸಾಯನವೂ ನಿಮ್ಮ ಮನೆಯ ಗೋಡೆಯಲ್ಲಿಯೇ ನಡೆಯುತ್ತಿರುವುದನ್ನು ಕಾಣುವಿರಿ. ಈ ಅಭ್ಯಾಸವುಳ್ಳವರು ನಾಳೆ ಮನೆ ಕೊಳ್ಳುವಾಗ ಬಣ್ಣಕ್ಕೆ ಮರುಳಾಗುವ ಸಂಭವ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಇಂದು ಮನೆಯವರು ಮಲಗುವ ಚಾವಣಿಯ ಕೆಳಗಿನ ಅಪಾಯವನ್ನು ಸಕಾಲದಲ್ಲಿ ಹಿರಿಯರ ಗಮನಕ್ಕೆ ತರಬಲ್ಲರು.